ಜುಟ್ಟಿನ ಅತಿಥಿ

ಮನೋಳಿಯ ಸನಿಹದ ನವಿಲುತೀರ್ಥದಲ್ಲಿ ಮಲಪ್ರಭೆಯ ಹಿನ್ನೀರು ಕಡಲಿನಂತೆ ಹರಡಿದೆ. ಕ್ಷಣಕ್ಕೊಮ್ಮೆ ಮುಳುಗೇಳುವ ಪುಟ್ಟ ಗುಳುಮುಳುಕ ಇಂಥ ನೀರಿಗೆ ಮನೆಯ ಹಕ್ಕಿ. ಅದರ ಹಿರಿಯ ದಾಯಾದಿಯಾದ ಜುಟ್ಟಿನ ಗುಳುಮುಳುಕವಾದರೋ ಲಡಾಖಿನ ಸರೋವರಗಳಲ್ಲಿ ಮರಿಮಾಡುವುದು. ಚಳಿಗಾಲದಲ್ಲಿ ಉತ್ತರ ಭಾರತದಲ್ಲಿ ಕಾಣುವುದು. ದಕ್ಷಿಣಕ್ಕೆ ಬರುವುದು ತೀರ ಅಪೂರ್ವ.

ಕಾಲುಗಳು ಮೈಯ ಹಿಂತುದಿಯಲ್ಲಿರುವುದರಿಂದ ನೀರಿನಲ್ಲಿ ಇದು ಬಲು ಜಾಣ, ನೆಲದ ಮೇಲೆ ಹೆಳವ. ಮರಿಗಳನ್ನು ಬೆನ್ನ ಮೇಲೆ ಹೊತ್ತು ಈಜುವುದು.

ಇದರ ಗರಿಯೇ ಇದಕ್ಕೆ ಮುಳುವಾಯಿತು. ಹೆಂಗಳೆಯರ ಟೋಪಿಯ ಸಿಂಗಾರಕ್ಕೆಂದು ಕೊಂದು ಕೊಂದು, 1860ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಐವತ್ತು ಜೋಡಿಯೂ ಉಳಿದಿರಲಿಲ್ಲ. 1889ರಲ್ಲಿ ಎಮಿಲಿ ವಿಲಿಯಮ್ಸನ್ ಎಂಬ ಗೃಹಿಣಿ ಗೆಳತಿಯರನ್ನು ಕೂಡಿಸಿ, ಅಂಥ ಗರಿ ತೊಡುವುದಿಲ್ಲವೆಂದು ಸಂಘ ಕಟ್ಟಿದರು. ಇಂದು ಅಲ್ಲಿ ಈ ಹಕ್ಕಿಗಳು ಸಾವಿರಾರು.

ನಮ್ಮ ಹಿನ್ನೀರಿಗೂ ಎಂದಾದರೂ ಈ ಅತಿಥಿ ಬಂದೀತು. ಬಂದರೆ ದೂರದಿಂದಲೇ ನೋಡಿ ನಲಿಯೋಣ.