ಸಂಬಳಕ್ಕೆ ಸಲ್ಲುವುದು ದುಡಿಮೆ, ಮನುಷ್ಯನಲ್ಲ

1969ರ ಡಿಸೆಂಬರ್ 24. ಕ್ರೈಸ್ತ ಕುಟುಂಬಗಳು ನಡುರಾತ್ರಿಯ ಬಲಿಪೂಜೆಗೆ ಅಣಿಯಾಗುತ್ತಿದ್ದ ಆ ದಿನ, ಅಮೆರಿಕದ ಕಪ್ಪು ಜನಾಂಗದ ಆಟಗಾರರೊಬ್ಬರು ಬೇಸ್‌ಬಾಲ್ ಕ್ರೀಡೆಯ ಆಯುಕ್ತ ಬೋವಿ ಕ್ಯೂನ್ ಅವರಿಗೆ ಒಂದು ಪತ್ರ ಬರೆದರು. ಅವರ ಹೆಸರು ಕರ್ಟ್ ಫ್ಲಡ್. ತಮ್ಮ ಇಚ್ಛೆಯನ್ನು ಕೇಳದೆ ಕೊಂಡು ಮಾರಲು ತಾವೊಂದು ಸ್ವತ್ತಲ್ಲ ಎಂಬುದೇ ಆ ಪತ್ರದ ತಿರುಳು.

ಫ್ಲಡ್ ಸೈಂಟ್ ಲೂಯಿಸ್ ನಗರದ ತಂಡಕ್ಕಾಗಿ ಹನ್ನೆರಡು ವರ್ಷ ಆಡಿದ್ದರು. 1964 ಮತ್ತು 1967ರಲ್ಲಿ ಆ ತಂಡ ವಿಶ್ವ ಸರಣಿಯನ್ನು ಗೆದ್ದಾಗ ಅವರು ಅದರ ಆಧಾರಸ್ತಂಭಗಳಲ್ಲಿ ಒಬ್ಬರಾಗಿದ್ದರು. 1969ರ ಅಕ್ಟೋಬರ್‌ನಲ್ಲಿ ಅವರನ್ನು ಫಿಲಡೆಲ್ಫಿಯಾದ ತಂಡಕ್ಕೆ ಕೊಟ್ಟುಬಿಡಲಾಯಿತು. ಅವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಕೇಳಬೇಕಾದ ಅಗತ್ಯವೂ ನಿಯಮದಲ್ಲಿ ಇರಲಿಲ್ಲ. ಒಪ್ಪಂದದ ಅವಧಿ ಮುಗಿದರೂ ಆಟಗಾರನ ಮೇಲಿನ ಹಕ್ಕು ತಂಡದ ಮಾಲೀಕನಲ್ಲೇ ಉಳಿಯುತ್ತಿತ್ತು. ಮಾಲೀಕ ಹೇಳಿದಲ್ಲಿ ಆಡಬೇಕು, ಇಲ್ಲವಾದರೆ ಆಟವನ್ನೇ ಬಿಡಬೇಕು.

ಆಗ ಫ್ಲಡ್ ಅವರ ವಾರ್ಷಿಕ ವೇತನ ಸುಮಾರು 90 ಸಾವಿರ ಡಾಲರ್. ಅಂದಿನ ಕಾಲಕ್ಕೆ ಅದು ದೊಡ್ಡ ಮೊತ್ತವೇ. ಇಷ್ಟು ಹಣ ಪಡೆಯುವವನು ದೂರುವುದೇಕೆ ಎಂದು ಹಲವರು ಹುಬ್ಬೇರಿಸಿದರು. ಚೆನ್ನಾಗಿ ಸಂಬಳ ಪಡೆದರೂ ಗುಲಾಮ ಗುಲಾಮನೇ ಎಂಬ ಅರ್ಥದ ಉತ್ತರವನ್ನು ಫ್ಲಡ್ ಕೊಟ್ಟರು. ಈ ನಿಯಮ ಬಿಳಿಯ ಆಟಗಾರರನ್ನೂ ಕಟ್ಟಿಹಾಕಿತ್ತು ನಿಜ. ಆದರೆ ಮನುಷ್ಯರನ್ನೇ ಸಂತೆಯಲ್ಲಿ ಹರಾಜು ಕೂಗಿದ ಚರಿತ್ರೆಯ ಗಾಯ ಹೊತ್ತ ಜನಾಂಗದವರಿಗೆ ಕೊಳ್ಳುವ ಮಾರುವ ಮಾತು ಚುಚ್ಚುವ ಬಗೆಯೇ ಬೇರೆ. ಕಪ್ಪು ಮನುಷ್ಯನಾಗಿ ಈ ಅನ್ಯಾಯ ತಮಗೆ ಹೆಚ್ಚು ತಟ್ಟಿದೆ, ಆದರೆ ಹೋರಾಟ ಎಲ್ಲ ಆಟಗಾರರದು ಎಂದು ಅವರು ಆಟಗಾರರ ಸಂಘದ ಮುಂದೆ ಸ್ಪಷ್ಟಪಡಿಸಿದರು. ಹದಿಹರೆಯದಲ್ಲಿ ದಕ್ಷಿಣದ ರಾಜ್ಯಗಳಲ್ಲಿ ಆಡುವಾಗ ಜೊತೆಗಾರರೊಂದಿಗೆ ಒಂದೇ ಹೋಟೆಲಿನಲ್ಲಿ ತಂಗುವ, ಒಂದೇ ಮೇಜಿನಲ್ಲಿ ಉಣ್ಣುವ ಅವಕಾಶ ಅವರಿಗೆ ಇರಲಿಲ್ಲ. ದೇಹಬಲವನ್ನು ಮೆಚ್ಚಿ ಮಾನವನ್ನು ನಿರಾಕರಿಸುವ ಆ ಸಮಾಜವನ್ನು ಅವರು ಒಳಗಿನಿಂದಲೇ ಬಲ್ಲವರಾಗಿದ್ದರು.

1970ರಲ್ಲಿ ಮೊಕದ್ದಮೆ ನ್ಯಾಯಾಲಯಕ್ಕೆ ಬಂದಾಗ, 1947ರಲ್ಲಿ ಬೇಸ್‌ಬಾಲ್‌ನ ವರ್ಣಗೋಡೆಯನ್ನು ಮುರಿದ ಜ್ಯಾಕಿ ರಾಬಿನ್‌ಸನ್ ಫ್ಲಡ್ ಪರವಾಗಿ ಸಾಕ್ಷಿ ನುಡಿದರು. ಆದರೆ ಆಗ ಆಡುತ್ತಿದ್ದ ಆಟಗಾರರಲ್ಲಿ ಒಬ್ಬರೂ ನ್ಯಾಯಾಲಯಕ್ಕೆ ಬಂದು ಅವರ ಬದಿಯಲ್ಲಿ ಕೂರಲಿಲ್ಲ. ಅನ್ನ ಕೊಡುವ ಕೈಗೆ ಅವರು ಅಂಜಿದರು. 1972ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 5-3ರ ಬಹುಮತದಿಂದ ಫ್ಲಡ್ ವಿರುದ್ಧ ತೀರ್ಪಿತ್ತಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ರಾಬಿನ್‌ಸನ್ ವಿಶ್ವ ಸರಣಿಯ ಅಂಗಳದಲ್ಲಿ ನಿಂತು, ತಂಡವೊಂದನ್ನು ನಡೆಸುವ ಸ್ಥಾನದಲ್ಲಿ ಕಪ್ಪು ಮನುಷ್ಯನೊಬ್ಬನನ್ನು ಕಾಣುವ ಹಂಬಲವನ್ನು ಬಹಿರಂಗವಾಗಿ ಹೇಳಿದರು. ಒಂಬತ್ತು ದಿನಗಳಲ್ಲಿ ಅವರು ತೀರಿಕೊಂಡರು. ಓಡಲು, ಹೊಡೆಯಲು, ಹಿಡಿಯಲು ಕಪ್ಪು ಕೈಕಾಲುಗಳು ಬೇಕಾಗಿದ್ದವು. ನಿರ್ಧರಿಸುವ ಕುರ್ಚಿ ಮಾತ್ರ ಅವರಿಗೆ ದೂರವೇ ಇತ್ತು. ಆ ಹುದ್ದೆಗೆ ಮೊದಲ ಕಪ್ಪು ಮನುಷ್ಯ ಬಂದದ್ದು 1975ರಲ್ಲಿ.

ಆ ವರ್ಷದ ಡಿಸೆಂಬರ್‌ನಲ್ಲೇ ಮಧ್ಯಸ್ಥರೊಬ್ಬರ ತೀರ್ಪು ಇಬ್ಬರು ಬಿಳಿಯ ಆಟಗಾರರಿಗೆ ಸ್ವಾತಂತ್ರ್ಯ ಕೊಟ್ಟು ಹಳೆಯ ನಿಯಮವನ್ನು ಉರುಳಿಸಿತು. ಆಟಗಾರರ ವೇತನ ಮುಗಿಲು ಮುಟ್ಟತೊಡಗಿತು. ಆದರೆ ಫ್ಲಡ್ ಅವರ ಆಟದ ಬದುಕು 1971ರಲ್ಲೇ ಮುಗಿದಿತ್ತು. 1997ರ ಜನವರಿಯಲ್ಲಿ, 59ರ ವಯಸ್ಸಿನಲ್ಲಿ, ಅವರು ನಿಧನರಾದರು. ಮರುವರ್ಷ ಅಮೆರಿಕದ ಸಂಸತ್ತು ಅವರ ಹೆಸರಿನಲ್ಲಿ ಒಂದು ಕಾಯ್ದೆಯನ್ನೇ ಅಂಗೀಕರಿಸಿತು. ಬಿತ್ತಿದವರು ಒಬ್ಬರು, ಕೊಯ್ದವರು ಬೇರೆಯವರು.

ಫ್ಲಡ್ ಆಡಿದ ಅದೇ ಸೈಂಟ್ ಲೂಯಿಸ್ ನಗರವು ನಮ್ಮ ಧರ್ಮಸಭೆಯ ಚರಿತ್ರೆಗೂ ಒಂದು ಪಾಠವನ್ನು ಕೊಟ್ಟಿದೆ. 1947ರಲ್ಲಿ ಅಲ್ಲಿನ ಮಹಾಧರ್ಮಾಧ್ಯಕ್ಷ ಜೋಸೆಫ್ ರಿಟ್ಟರ್ ಕಥೋಲಿಕ ಶಾಲೆಗಳಲ್ಲಿ ಕಪ್ಪು ಮತ್ತು ಬಿಳಿಯ ಮಕ್ಕಳನ್ನು ಬೇರ್ಪಡಿಸುವ ಪದ್ಧತಿಯನ್ನು ಕೊನೆಗೊಳಿಸಿದರು. ವಿರೋಧಿಸಿ ನಿಂತವರು ಕಥೋಲಿಕ ಹೆತ್ತವರೇ. ಅವರು ನ್ಯಾಯಾಲಯಕ್ಕೆ ಹೋಗುವ ಮಾತನಾಡಿದಾಗ, ಹಾಗೆ ಮಾಡಿದವರಿಗೆ ಧರ್ಮಸಭೆಯಿಂದ ಬಹಿಷ್ಕಾರ ಒದಗುವುದೆಂದು ರಿಟ್ಟರ್ ಎಚ್ಚರಿಸಿದರು. ವಿರೋಧ ಅಡಗಿತು. ಪ್ರತಿ ಭಾನುವಾರ ಒಂದೇ ಬಲಿಪೀಠದ ಮುಂದೆ ಮೊಣಕಾಲೂರುವವರು ಕೂಡ ಶಾಲೆಯ ಬೆಂಚಿನಲ್ಲಿ ಮೈಬಣ್ಣವನ್ನು ಎಣಿಸಬಲ್ಲರು ಎಂಬುದು ನಮ್ಮೆಲ್ಲರ ಆತ್ಮಶೋಧನೆಗೆ ವಿಷಯವಾಗಬೇಕು.

ತನ್ನ ಅಣ್ಣಂದಿರಿಂದಲೇ ಇಪ್ಪತ್ತು ಬೆಳ್ಳಿ ನಾಣ್ಯಗಳಿಗೆ ಮಾರಾಟವಾದ ಯೋಸೇಫನ ಕಥೆಯನ್ನು ಆದಿಕಾಂಡದಲ್ಲಿ ನಾವು ಓದುತ್ತೇವೆ. ಆ ಬೆಲೆ ಕಡಿಮೆಯಾಯಿತೆಂದು ಯಾರೂ ದುಃಖಿಸುವುದಿಲ್ಲ. ಇಪ್ಪತ್ತಲ್ಲದೆ ಇಪ್ಪತ್ತು ಸಾವಿರ ಸಿಕ್ಕಿದ್ದರೂ ಪಾಪ ಪಾಪವೇ. ಪೋಪ್ ಹದಿಮೂರನೆಯ ಲಿಯೋ ಅವರು 1891ರ ತಮ್ಮ ವಿಶ್ವಪತ್ರದಲ್ಲಿ ಕಾರ್ಮಿಕರನ್ನು ಗುಲಾಮರಂತೆ ಕಾಣಕೂಡದೆಂದು ಸಾರಿದರು. 1981ರಲ್ಲಿ ಎರಡನೆಯ ಜಾನ್ ಪಾಲರು ಬಂಡವಾಳಕ್ಕಿಂತ ದುಡಿಮೆಗೇ ಆದ್ಯತೆ ಎಂದು ಬೋಧಿಸಿದರು. ಸಂಬಳದಿಂದ ಪಡೆಯಬಹುದಾದದ್ದು ಮನುಷ್ಯನ ದುಡಿಮೆಯನ್ನು ಮಾತ್ರ. ಅವನ ಇಚ್ಛೆ, ಮಾನ, ಮನಸ್ಸಾಕ್ಷಿ ದೇವರು ಕೊಟ್ಟವು. ಅವು ಮಾರಾಟದ ಸರಕಲ್ಲ.

ಈ ಮಾತು ನಮ್ಮ ಮನೆಗಳಿಗೆ ದೂರದ್ದಲ್ಲ. ಕೊಲ್ಲಿ ದೇಶಗಳಿಗೆ ದುಡಿಯಲು ಹೋದ ನಮ್ಮವರಲ್ಲಿ, ಮಾಲೀಕನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸಲಾಗದೆ ನೊಂದವರ ಅನುಭವ ಎಷ್ಟೋ ಕುಟುಂಬಗಳಿಗೆ ಗೊತ್ತು. ಸಂಬಳ ಬರುತ್ತಿದೆಯಲ್ಲ, ಸುಮ್ಮನಿರು ಎಂದು ನಾವೂ ಪತ್ರ ಬರೆದಿದ್ದೇವೆ. ಹಾಗೆಯೇ ನಮ್ಮ ಮನೆಗೆಲಸಕ್ಕೆ ಬರುವ ಹೆಣ್ಣುಮಗಳಿಗೆ ಮುಂಗಡ ಕೊಟ್ಟೆವೆಂಬ ಕಾರಣಕ್ಕೆ ಅವಳ ರಜೆಯ ದಿನವನ್ನೂ ನಮ್ಮದೆಂದು ಎಣಿಸುವಾಗ, ನಾವು ನಿಂತಿರುವುದು ಯಾರ ಸ್ಥಾನದಲ್ಲಿ?

ಫ್ಲಡ್ ಸೋತರು. ಅವರ ಬದಿಯಲ್ಲಿ ಕೂರದ ಜೊತೆಗಾರರ ಮಕ್ಕಳ ಪೀಳಿಗೆ ಗೆದ್ದಿತು. ಸತ್ಯವನ್ನು ಹೇಳಿ ನಷ್ಟ ಅನುಭವಿಸುವವರನ್ನು ಅವರು ಸತ್ತ ಮೇಲೆ ಸನ್ಮಾನಿಸುವುದು ಸುಲಭ. ಬದುಕಿರುವಾಗ ಅವರ ಪಕ್ಕದ ಖಾಲಿ ಕುರ್ಚಿಯಲ್ಲಿ ಕುಳಿತುಕೊಳ್ಳುವುದು ಕಠಿಣ. ಕ್ರಿಸ್ತರ ಅನುಯಾಯಿಗಳು ಎಂದು ಕರೆಸಿಕೊಳ್ಳುವ ನಮಗೆ ಆ ಕುರ್ಚಿಯೇ ಕರೆ.