ಹಕ್ಕಿಯನ್ನು ಬ್ಯಾನ್ ಮಾಡ್ಬೇಡಿ, ತಂಡ ಸರಿ ಮಾಡ್ಕೊಳ್ಳಿ

ಹಾಸ್ಟೆಲ್ ಗ್ರೂಪಿನಲ್ಲಿ ಒಂದು ವಾರದಿಂದ ಒಂದೇ ಜಗಳ. ಮುಂದಿನ ತಿಂಗಳ ಪೋಕೆಮಾನ್ ಟೂರ್ನಮೆಂಟಿನಲ್ಲಿ ಟ್ಯಾಲನ್‌ಫ್ಲೇಮ್ ಅನ್ನೋ ಹಕ್ಕಿಯನ್ನು ಬ್ಯಾನ್ ಮಾಡ್ಬೇಕಾ, ಬೇಡ್ವಾ ಅಂತ. ಪೋಲ್ ಹಾಕಿದ ಕೂಡಲೇ ‘ಬ್ಯಾನ್’ ಅಂತ ಒತ್ತಿದವರಲ್ಲಿ ನಾನೂ ಒಬ್ಬ. ಕಾರಣ ಎಲ್ಲರಿಗೂ ಗೊತ್ತು, ಮುಚ್ಚಿಟ್ಟು ಏನು ಪ್ರಯೋಜನ? ಹೋದ ಸೆಮಿಸ್ಟರಿನ ಟೂರ್ನಮೆಂಟ್ ಸೆಮಿಫೈನಲ್‌ನಲ್ಲಿ ಫಸ್ಟ್ ಇಯರ್ ಹುಡುಗನೊಬ್ಬ ಅದೇ ಹಕ್ಕಿಯಿಂದ ನನ್ನ ನಾಲ್ಕು ಪೋಕೆಮಾನ್‌ಗಳನ್ನು ಒಂದಾದ ಮೇಲೊಂದು ಮಲಗಿಸಿದ. ಇಡೀ ಕಾಮನ್ ರೂಮ್ ನಕ್ಕಿತು. ಈಗ ಆ ಓಟನ್ನು ವಾಪಸ್ ತಗೊಳ್ತಾ ಇದೀನಿ. ಯಾಕೆ ಅಂತ ಹೇಳ್ತೀನಿ ಕೇಳಿ.

ಈ ಆಟ ಆಡದವರಿಗೆ ಎರಡು ಮಾತು. ಟ್ಯಾಲನ್‌ಫ್ಲೇಮ್ ಬಂದದ್ದು 2013ರ ‘ಎಕ್ಸ್’ ಮತ್ತು ‘ವೈ’ ಆಟಗಳಲ್ಲಿ. ಬೆಂಕಿ ಮತ್ತು ಹಾರಾಟ, ಎರಡು ಗುಣದ ಹಕ್ಕಿ. ಮಾಮೂಲಿಯಾಗಿ ಯಾರ ವೇಗ ಹೆಚ್ಚೋ ಅವರು ಮೊದಲು ಹೊಡೀತಾರೆ. ಕೆಲವು ಹೊಡೆತಗಳಿಗೆ ಮಾತ್ರ ‘ಪ್ರಯಾರಿಟಿ’ ಇರುತ್ತೆ, ಅವು ವೇಗ ನೋಡದೆ ಮುಂದೆ ನುಗ್ಗುತ್ತವೆ. ಆದರೆ ಅಂಥ ಹೊಡೆತಗಳಲ್ಲಿ ಹೆಚ್ಚಿನವುಗಳ ಬಲ ಬರೀ 40. ಈ ಹಕ್ಕಿಯ ‘ಗೇಲ್ ವಿಂಗ್ಸ್’ ಶಕ್ತಿ ಎಲ್ಲ ಹಾರಾಟದ ಹೊಡೆತಗಳಿಗೂ ಪ್ರಯಾರಿಟಿ ಕೊಡುತ್ತೆ. ಅದರ ‘ಬ್ರೇವ್ ಬರ್ಡ್’ ಬಲ 120! ಅಂದ್ರೆ ಬೇರೆಯವರು ಮೊದಲು ಬಂದು ಚಿವುಟಿದರೆ, ಇದು ಮೊದಲು ಬಂದು ಸುತ್ತಿಗೆಯಲ್ಲಿ ಬಾರಿಸುತ್ತೆ. ಸಿಟ್ಟು ಬರೋದು ಸಹಜ.

ನನಗೂ ಬಂದಿತ್ತು. ಆದರೆ ಮೊನ್ನೆ ಮಳೆಗೆ ಕರೆಂಟ್ ಹೋಗಿ, ಕೆಲಸ ಇಲ್ಲದೆ ಫೋನಿನಲ್ಲಿ ಆ ಮ್ಯಾಚಿನ ರಿಪ್ಲೇ ನೋಡ್ತಾ ಕೂತೆ. ನನ್ನ ತಂಡದಲ್ಲಿ ಯಾರ‍್ಯಾರಿದ್ರು? ಬ್ರೆಲೂಮ್, ವಾಲ್ಕರೋನ, ವೀನಸಾರ್, ಕಾಂಕೆಲ್ಡರ್. ನಾಲ್ಕೂ ಹಾರಾಟದ ಹೊಡೆತಕ್ಕೆ ದುರ್ಬಲ, ಬ್ರೆಲೂಮ್‌ಗಂತೂ ನಾಲ್ಕು ಪಟ್ಟು ಪೆಟ್ಟು. ಉಳಿದಿಬ್ಬರಲ್ಲಿ ಅದನ್ನು ತಡೆಯುವವರು ಒಬ್ಬರೂ ಇಲ್ಲ. ಇದು ಆ ಹುಡುಗ ಮಾಡಿದ ಮೋಸ ಅಲ್ಲ, ನಾನು ಕಟ್ಟಿದ ಬೇಲಿಯಲ್ಲೇ ಹಸು ನುಗ್ಗುವಷ್ಟು ದೊಡ್ಡ ಕಂಡಿ ಇತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯ್ತು ನನ್ನ ಕಥೆ.

ಈ ಹಕ್ಕಿಗೆ ಔಷಧಿ ಇಲ್ವಾ? ಬೇಕಾದಷ್ಟಿದೆ. ಮೊದಲನೆಯದು ‘ಸ್ಟೆಲ್ತ್ ರಾಕ್’. ಎದುರಾಳಿಯ ಕಡೆ ಕಲ್ಲು ಹರಡಿಟ್ಟರೆ, ಒಳಗೆ ಬರುವ ಪ್ರತಿ ಪೋಕೆಮಾನ್‌ಗೂ ಪೆಟ್ಟು. ಬೆಂಕಿಗೂ ಹಾರಾಟಕ್ಕೂ ಕಲ್ಲು ಆಗಿಬರಲ್ಲ, ಹಾಗಾಗಿ ಟ್ಯಾಲನ್‌ಫ್ಲೇಮ್ ಕಾಲಿಟ್ಟ ಕ್ಷಣವೇ ಅರ್ಧ ಜೀವ ಹೋಯ್ತು. ಎರಡನೇದು ಅದರ ಹೊಡೆತವೇ. ಬ್ರೇವ್ ಬರ್ಡ್ ಮತ್ತು ಫ್ಲೇರ್ ಬ್ಲಿಟ್ಜ್ ಎರಡರಲ್ಲೂ ಕೊಟ್ಟ ಪೆಟ್ಟಿನ ಮೂರನೇ ಒಂದು ಭಾಗ ಹಕ್ಕಿಗೇ ವಾಪಸ್ ಬೀಳುತ್ತೆ. ‘ರಾಕಿ ಹೆಲ್ಮೆಟ್’ ತೊಟ್ಟ ಗಾರ್ಚಾಂಪ್ ಎದುರಿಗಿದ್ದರೆ ಹೆಲ್ಮೆಟ್ಟಿನಿಂದ ಆರನೇ ಒಂದು ಭಾಗ, ಒರಟು ಚರ್ಮದಿಂದ ಎಂಟನೇ ಒಂದು ಭಾಗ ಬೇರೆ. ಮೂರನೇದು ಗೋಡೆಗಳು. ರೋಟಮ್-ವಾಶ್ ಮತ್ತು ಟೈರಾನಿಟಾರ್ ಎರಡು ಹೊಡೆತಕ್ಕೂ ಅರ್ಧ ಪೆಟ್ಟಷ್ಟೇ ತಿನ್ನುತ್ತವೆ. ‘ಫ್ಲ್ಯಾಶ್ ಫೈರ್’ ಇರುವ ಹೀಟ್ರಾನ್‌ಗೆ ಬೆಂಕಿ ತಾಗೋದೇ ಇಲ್ಲ. ಇಷ್ಟರ ಮೇಲೆ ಅದರ ದಾಳಿಯ ಅಂಕ ಬರೀ 81. ಹೆದರಿಸೋ ಅಷ್ಟು ದೊಡ್ಡ ಭೂತ ಏನಲ್ಲ.

ಇದೇ ಕಾರಣಕ್ಕೆ, ಹಕ್ಕಿ ಹಿಡಿದವನು ಬುದ್ಧಿ ಇಲ್ಲದೆ ಗೆಲ್ತಾನೆ ಅನ್ನೋದೂ ಸುಳ್ಳು. ಆ ಹುಡುಗ ಏನು ಮಾಡಿದ್ದ ಗೊತ್ತಾ? ಹಕ್ಕಿಯನ್ನು ಕೊನೆಯವರೆಗೂ ಹೊರಗೇ ತಂದಿರಲಿಲ್ಲ. ಮೊದಲು ಲ್ಯಾಟಿಯೋಸ್‌ನಿಂದ ‘ಡೀಫಾಗ್’ ಹಾಕಿಸಿ ನಾನು ಹರಡಿದ್ದ ಕಲ್ಲನ್ನೆಲ್ಲ ಗುಡಿಸಿದ. ನಾನು ಮತ್ತೆ ಹರಡಲೇ ಇಲ್ಲ, ಮರೆತೆ. ಆಮೇಲೆ ಹಕ್ಕಿ ಬಂತು. ನಾನು ಗಾಬರಿಯಿಂದ ಪೋಕೆಮಾನ್ ಬದಲಿಸಿದಾಗಲೆಲ್ಲ ‘ರೂಸ್ಟ್’ ಹಾಕಿ ಅರ್ಧ ಜೀವ ತುಂಬಿಕೊಂಡ. ಅದೂ ಹಾರಾಟದ ಹೊಡೆತವೇ, ಅದಕ್ಕೂ ಪ್ರಯಾರಿಟಿ! ಅವನ ಹಕ್ಕಿಯ ಎಚ್‌ಪಿ 297, ಬೇಕಂತಲೇ ಬೆಸ ಸಂಖ್ಯೆ. ಕಲ್ಲಿನ ಮೇಲೆ ಬಂದರೆ ಪ್ರತಿ ಸಲ 148 ಹೋಗುತ್ತೆ, ಎರಡು ಸಲ ಬಂದರೂ 1 ಉಳಿಯುತ್ತೆ. ಇಷ್ಟು ಲೆಕ್ಕ ಹಾಕಿದವನಿಗೆ ‘ಸ್ಕಿಲ್ ಇಲ್ಲ’ ಅಂದ್ವಲ್ಲ!

ಬ್ಯಾನ್ ಪರ ಇರುವವರ ಬಲವಾದ ವಾದ ಒಂದಿದೆ: ‘ಕಂಪನಿಯೇ ತಪ್ಪು ಒಪ್ಕೊಂಡಿದೆ ಮಗಾ’. ನಿಜ, 2016ರ ‘ಸನ್’ ಮತ್ತು ‘ಮೂನ್’ ಆಟಗಳಲ್ಲಿ ಗೇಲ್ ವಿಂಗ್ಸ್‌ನ ರೆಕ್ಕೆ ಕತ್ತರಿಸಿದರು. ಜೀವ ಪೂರ್ತಿ ತುಂಬಿದ್ದರೆ ಮಾತ್ರ ಪ್ರಯಾರಿಟಿ. ಒಂದು ಕಲ್ಲು ತಾಗಿದರೂ ಮುಗೀತು. ಆದರೆ ನಾವು ಆಡ್ತಿರೋದು ಆರನೇ ಪೀಳಿಗೆಯ ನಿಯಮದಲ್ಲಿ. ಆ ಪೀಳಿಗೆಯಲ್ಲಿ ಬ್ಲೇಜಿಕನ್, ಮೆಗಾ ಕಂಗಸ್ಕಾನ್ ಅಂಥವರನ್ನು ಮುಲಾಜಿಲ್ಲದೆ ಹೊರಹಾಕಿದ ಸ್ಮೊಗಾನ್‌ನವರೇ ಟ್ಯಾಲನ್‌ಫ್ಲೇಮ್‌ಗೆ ಆಡಲು ಬಿಟ್ಟಿದ್ದರು. ಹಕ್ಕಿ ಇದ್ದರೆ ಎಲ್ಲರ ತಂಡವೂ ಒಂದೇ ಥರ ಆಗುತ್ತೆ ಅನ್ನೋ ಮಾತೂ ಅಷ್ಟೇ. 2014ರ ವಿಶ್ವ ಚಾಂಪಿಯನ್‌ಶಿಪ್ ಗೆದ್ದ ದಕ್ಷಿಣ ಕೊರಿಯಾದ ಪಾರ್ಕ್ ಸೆ-ಜುನ್ ತಂಡ ನೋಡಿ. ಅದು ಡಬಲ್ಸ್ ಆಟ, ಲೆಕ್ಕ ಬೇರೆ, ಒಪ್ಪುತ್ತೀನಿ. ಆದರೂ ಆ ತಂಡದಲ್ಲಿ ಟ್ಯಾಲನ್‌ಫ್ಲೇಮ್ ಇತ್ತು, ಅದರ ಪಕ್ಕದಲ್ಲೇ ಯಾರೂ ಲೆಕ್ಕಕ್ಕಿಡದ ಪಚಿರಿಸು ಅನ್ನೋ ಪುಟ್ಟ ಅಳಿಲೂ ಇತ್ತು. ಜಗತ್ತು ಇವತ್ತಿಗೂ ನೆನೆಸಿಕೊಳ್ಳೋದು ಅಳಿಲನ್ನೇ.

ಒಂದು ಮಾತು ಮಾತ್ರ ಒಪ್ಪಲೇಬೇಕು. ಈ ಹಕ್ಕಿಯಿಂದಾಗಿ ಬ್ರೆಲೂಮ್‌ನಂಥವನ್ನು ಆಡಿಸೋದು ಕಷ್ಟ, ಹೊಸಬರಿಗೆ ಇದು ಬೇಗ ಬೇಜಾರು ತರಿಸುತ್ತೆ. ಅದಕ್ಕೆ ದಾರಿ ಬ್ಯಾನ್ ಅಲ್ಲ. ಟೂರ್ನಮೆಂಟಿಗೆ ಮುಂಚಿನ ಭಾನುವಾರ ಎರಡು ಗಂಟೆ ಕೂತು ಹೊಸಬರಿಗೆ ತಂಡ ಕಟ್ಟೋದು ಹೇಳಿಕೊಡೋಣ, ನಾನೇ ಬರ್ತೀನಿ. ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳೋದು ಬೇಡ.

ಇಷ್ಟೆಲ್ಲ ಬರೆಯೋಕೆ ನಿಜವಾದ ಕಾರಣ ಬೇರೆ ಇದೆ. ಮೊನ್ನೆ ಮೆಸ್ಸಿನಲ್ಲಿ ಆ ಹುಡುಗ ಸಿಕ್ಕಿದ್ದ. ಈ ಸಲ ಯಾವ ತಂಡ ಅಂತ ಕೇಳಿದೆ. ತಟ್ಟೆ ನೋಡ್ಕೊಂಡೇ, ‘ಇಲ್ಲ ಅಣ್ಣ, ನಾನು ಆಡಲ್ಲ, ಎಲ್ರೂ ಬೈತಾರೆ’ ಅಂದ. ಸೋತ ನಾವು ಸೀನಿಯರ್‌ಗಳು ಸೇರ್ಕೊಂಡು, ಗೆದ್ದ ಜೂನಿಯರ್‌ಗೆ ಗೆದ್ದಿದ್ದೇ ತಪ್ಪು ಅನ್ನೋ ಹಾಗೆ ಮಾಡಿದೀವಿ. ಆ ಪೋಲ್ ಹಕ್ಕಿ ಮೇಲೆ ಅಂತ ನಾವು ಅಂದ್ಕೊಂಡಿದೀವಿ, ಅವನು ಹಾಗೆ ಅಂದ್ಕೊಂಡಿಲ್ಲ.

ಪೋಲ್ ಶುಕ್ರವಾರ ರಾತ್ರಿವರೆಗೂ ತೆರೆದಿರುತ್ತೆ. ನಾನು ನನ್ನ ಓಟು ಬದಲಿಸಿದೀನಿ, ತಂಡಕ್ಕೆ ರೋಟಮ್-ವಾಶ್ ಸೇರಿಸಿದೀನಿ. ತಮ್ಮಾ, ನೀನು ಇದನ್ನ ಓದ್ತಾ ಇದ್ರೆ, ಹಕ್ಕಿ ತಗೊಂಡೇ ಬಾ. ಈ ಸಲ ಕಲ್ಲು ಹರಡೋದು ಮರೆಯಲ್ಲ.