ಚಕ್ರದ ತಪ್ಪೋ, ಚಕ್ರವರ್ತಿಯ ತಪ್ಪೋ?

ಸಜ್ಜನನೆನಿಸಿಕೊಂಡವನೊಬ್ಬನು ಅಧಿಕಾರಕ್ಕೆ ಬಂದು ನಾಲ್ಕಾರು ವರ್ಷಗಳಲ್ಲಿ ಕೆಟ್ಟನೆಂದರೆ, ಹುಣಸೂರು, ಪಿರಿಯಾಪಟ್ಟಣಗಳ ಕಡೆಯ ಜಗಲಿಗಳಲ್ಲಿ ಹಿರಿಯರು ಒಂದು ಮಾತನ್ನು ಆಡುವುದುಂಟು: “ಪಾಪ, ಮನುಷ್ಯ ಒಳ್ಳೆಯವನೇ, ಕುರ್ಚಿ ಕೆಡಿಸಿತು.” ಕೇಳುವುದಕ್ಕೆ ಇದು ಕರುಣೆಯ ಮಾತು. ವಿಚಾರಿಸಿ ನೋಡಿದರೆ ಇಷ್ಟು ಅನರ್ಥಕರವಾದ ಮಾತು ಬೇರೊಂದಿಲ್ಲ. ಕುಳಿತವನ ಪಾಪವನ್ನು ಮರದ ತುಂಡಿನ ಮೇಲೆ ಹೊರಿಸಿ ಅವನನ್ನು ಬಿಡುಗಡೆ ಮಾಡುವ ವಿಚಿತ್ರ ನ್ಯಾಯವಿದು.

ಅದೇ ಮನೆಗಳ ತರುಣರು ಕಂಪ್ಯೂಟರಿನಲ್ಲಿ ಆಡುವ ಆಟವೊಂದರಲ್ಲಿಯೂ ಇದೇ ನ್ಯಾಯವು ನಡೆಯುತ್ತಿರುವುದು. 2002ರಲ್ಲಿ ಅಮೆರಿಕದ ಬ್ಲಿಜರ್ಡ್ ಸಂಸ್ಥೆಯು ಹೊರತಂದ ‘ವಾರ್‌ಕ್ರಾಫ್ಟ್’ ಆಟದ 3ನೆಯ ಭಾಗದಲ್ಲಿ ಅರ್ಥಾಸ್ ಎಂಬ ರಾಜಕುಮಾರನಿದ್ದಾನೆ. ಧರ್ಮನಿಷ್ಠನೂ ಪ್ರಜಾವತ್ಸಲನೂ ಆದ ಅವನು ಫ್ರಾಸ್ಟ್‌ಮೋರ್ನ್ ಎಂಬ ಶಾಪಗ್ರಸ್ತವಾದ ಖಡ್ಗವನ್ನು ಹಿಡಿದು, ಆತ್ಮವನ್ನು ಕಳೆದುಕೊಂಡು, ಕಡೆಗೆ ಸಿಂಹಾಸನದಲ್ಲಿದ್ದ ತಂದೆಯನ್ನೇ ಕೊಲ್ಲುವನು. ಖಡ್ಗವು ಅವನನ್ನು ಕೆಡಿಸಿತೆಂದು ಆಡಿದವರು ಮರುಗುವರು. ಆದರೆ ಕಥೆಯ ಕ್ರಮವನ್ನು ನೋಡತಕ್ಕದ್ದು. ಖಡ್ಗವನ್ನು ಮುಟ್ಟುವುದಕ್ಕೆ ಮೊದಲೇ ಅವನು ರೋಗವು ಹೊಕ್ಕ ತನ್ನದೇ ನಗರದ ಪ್ರಜೆಗಳನ್ನು ಕಡಿಸಿದನು. ಬೇಡವೆಂದ ಗುರುವನ್ನು ದೂರಮಾಡಿದನು. ಸೈನಿಕರು ಊರಿಗೆ ಹಿಂದಿರುಗದಂತೆ ಹಡಗುಗಳನ್ನು ಸುಡಿಸಿ ಆ ಅಪರಾಧವನ್ನು ಕೂಲಿಯಾಳುಗಳ ಮೇಲೆ ಹಾಕಿದನು. ಖಡ್ಗಕ್ಕೆ ಶಾಪವಿದೆಯೆಂದು ಜೊತೆಗಾರನು ಎಚ್ಚರಿಸಿದ ಮೇಲೆಯೂ ಬೇಕೆಂದೇ ಅದನ್ನು ತೆಗೆದುಕೊಂಡನು. ಖಡ್ಗವು ಬರುವಾಗ ಕೆಡುವ ಕಾರ್ಯವೆಲ್ಲ ಮುಗಿದಿತ್ತು.

ಈ ಕಥೆಯನ್ನು ಪರದೇಶದ ಹುಚ್ಚೆಂದು ಹಿರಿಯರು ತಳ್ಳಿಹಾಕುವುದು ತರವಲ್ಲ. ಹುಣಸೂರು ತಾಲೂಕಿನಲ್ಲಿಯೇ ಗೊಮ್ಮಟಗಿರಿಯ ಬಂಡೆಯ ಮೇಲೆ ಬಾಹುಬಲಿಯು ನಿಂತಿರುವನು. ಅವನನ್ನು ಅಲ್ಲಿ ನಿಲ್ಲಿಸಿದ್ದು ಅಣ್ಣನ ಕೈಯಲ್ಲಿದ್ದ ಒಂದು ಆಯುಧ. ಇದೇ ಸೀಮೆಯ ಕಲ್ಲಹಳ್ಳಿಯ 3ನೆಯ ಮಂಗರಸನು 16ನೆಯ ಶತಮಾನದ ಆದಿಭಾಗದಲ್ಲಿ, ಭರತನ ಸೇನಾಪತಿಯಾದ ಜಯಕುಮಾರನನ್ನು ನಾಯಕನನ್ನಾಗಿ ಮಾಡಿ ‘ಜಯನೃಪಕಾವ್ಯ’ವನ್ನು ರಚಿಸಿದನು. ಭರತನು ಈ ನಾಡಿಗೆ ಪರಕೀಯನಲ್ಲ.

941ರಲ್ಲಿ ಪಂಪನು ರಚಿಸಿದ ‘ಆದಿಪುರಾಣ’ದಲ್ಲಿ ಆ ಭರತನು ಎಂಥವನು? ತಂದೆಗೆ ಕೇವಲಜ್ಞಾನವಾಯಿತು, ಆಯುಧಾಗಾರದಲ್ಲಿ ಚಕ್ರರತ್ನವು ಹುಟ್ಟಿತು, ಅಂತಃಪುರದಲ್ಲಿ ಮಗನು ಹುಟ್ಟಿದನು ಎಂಬ ಮೂರು ವಾರ್ತೆಗಳು ಒಮ್ಮೆಗೇ ಬಂದಾಗ, ಮೊದಲು ತಂದೆಯ ಪಾದಕ್ಕೆ ಹೋದವನು. ಚಕ್ರವನ್ನು ಎರಡನೆಯದಾಗಿ ಎಣಿಸಿದ ಅವನೇ ದಿಗ್ವಿಜಯದ ತರುವಾಯ ಅದೇ ಚಕ್ರವನ್ನು ತಮ್ಮನ ಮೇಲೆ ಎಸೆದನು.

ಪೂರ್ವಪಕ್ಷವಾದಿಗಳು ಹೇಳುವರು: ಅಯೋಧ್ಯೆಯ ಬಾಗಿಲಲ್ಲಿ ಚಕ್ರವು ನಿಂತುಬಿಟ್ಟಿತು, ಒಳಗೆ ಬರಲೊಲ್ಲದೆ ಹೋಯಿತು, ಭರತನು ಏನು ಮಾಡಬೇಕಾಗಿತ್ತು? ಉತ್ತರವಿಷ್ಟೆ. ಚಕ್ರವು ನಿಂತಿತೇ ಹೊರತು ಮಾತನಾಡಲಿಲ್ಲ. ತಮ್ಮಂದಿರು ಇನ್ನೂ ಎರಗಿಲ್ಲವೆಂಬ ಅರ್ಥವನ್ನು ಹೇಳಿದವನು ಪುರೋಹಿತನು, ಒಪ್ಪಿಕೊಂಡವನು ಅರಸನು. ಚಕ್ರವು ಹೊರಗೇ ಇರಲಿ ಎಂದು ಹೇಳಿ ಬರಿಗೈಯಲ್ಲಿ ಊರೊಳಗೆ ನಡೆದುಹೋಗುವ ದಾರಿಯು ಅವನಿಗೆ ತೆರೆದೇ ಇತ್ತು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಸೋತ ಮೇಲೆ ಅವನು ಪ್ರಯೋಗಿಸಿದ ಚಕ್ರವು ಬಾಹುಬಲಿಯನ್ನು ಪ್ರದಕ್ಷಿಣೆ ಮಾಡಿ ನಿಂತಿತು. ಲೋಹಕ್ಕೆ ತಿಳಿದ ಧರ್ಮವು ಅರಸನಿಗೆ ತಿಳಿಯಲಿಲ್ಲ. ಶಾಪವನ್ನು ಯಾವುದಕ್ಕೆ ಅಂಟಿಸುವುದು?

ಹಾಗಾದರೆ ಭರತನು ಕೆಟ್ಟದ್ದೆಲ್ಲಿ? ಪಂಪನೇ ತೋರಿಸಿರುವನು, ಓದುವವರು ಆ ಕಡೆ ನಿಲ್ಲದೆ ಮುಂದೆ ಹೋಗುವರು. ದಿಗ್ವಿಜಯದಲ್ಲಿ ವೃಷಭಾಚಲವನ್ನು ಸೇರಿದ ಭರತನು ತನ್ನ ಹೆಸರನ್ನು ಕೆತ್ತಿಸಹೋದಾಗ, ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ಆ ಶಿಲೆಯೆಲ್ಲ ತುಂಬಿತ್ತು. ಗರ್ವವು ಮುರಿಯಿತು. ಮುರಿದ ಮೇಲೆ ಹಿಂದಿರುಗಬಹುದಾಗಿತ್ತು. ಅವನು ಯಾವನೋ ಒಬ್ಬನ ಹೆಸರನ್ನು ಅಳಿಸಿ ಅಲ್ಲಿ ತನ್ನದನ್ನು ಬರೆಯಿಸಿದನು. ರಕ್ತವು ಹರಿಯಲಿಲ್ಲ, ಯಾರೂ ಅಳಲಿಲ್ಲ, ಮಂತ್ರಿಯೊಬ್ಬನೂ ಬೇಡವೆನ್ನಲಿಲ್ಲ. ಮೊದಲು ಗುರುತಿಲ್ಲದ ಒಬ್ಬನ ಹೆಸರು, ಆಮೇಲೆ ತಮ್ಮಂದಿರ ನೆಲ, ಕಡೆಗೆ ಬಾಹುಬಲಿಯ ಪ್ರಾಣ. ಮೆಟ್ಟಿಲು ಮೆಟ್ಟಿಲಾಗಿ ಇಳಿದವನಿಗೆ ಕೊನೆಯ ಮೆಟ್ಟಿಲು ಎತ್ತರವೆಂದು ತೋರುವುದಿಲ್ಲ.

ಇನ್ನು ಕೆಲವರು ರತ್ನಾಕರವರ್ಣಿಯ ‘ಭರತೇಶವೈಭವ’ವನ್ನು ಮುಂದಿಡುವರು. ಆ ಮಹಾಕವಿಯು ಅಣ್ಣತಮ್ಮಂದಿರ ಹೋರಾಟವನ್ನು ತಪ್ಪಿಸಿ, ಭರತನ ಮಾತಿನಿಂದಲೇ ಬಾಹುಬಲಿಯ ಮನಸ್ಸನ್ನು ಕರಗಿಸಿರುವನು. ಕಾವ್ಯದ ಸೊಬಗಿಗೆ ಕೈಮುಗಿಯತಕ್ಕದ್ದೇ. ಆದರೆ ನಾಯಕನಿಗೆ ಕಳಂಕವು ತಗಲಬಾರದೆಂದು ಪತನವನ್ನೇ ಅಳಿಸಿದರೆ, ಬಿದ್ದವನು ಏಳುವ ಬಗೆಯನ್ನು ಓದುಗನು ಎಲ್ಲಿ ಕಲಿಯಬೇಕು? ಪಂಪನ ಭರತನು ಚಕ್ರವನ್ನು ದೂರಲಿಲ್ಲ, ಪುರೋಹಿತನನ್ನೂ ದೂರಲಿಲ್ಲ. ನಾಚಿ ತಲೆತಗ್ಗಿಸಿದನು, ತಪಸ್ಸಿನಲ್ಲಿ ನಿಂತ ತಮ್ಮನ ಪಾದಕ್ಕೆ ಬಂದೆರಗಿದನು. ಅದರಿಂದಲೇ ಉದ್ಧಾರವಾದನು. 2003ರಲ್ಲಿ ಬಂದ ಮುಂದಿನ ಭಾಗದಲ್ಲಿ ಅರ್ಥಾಸನಾದರೋ ಕಿರೀಟವನ್ನು ಧರಿಸಿ ಹಿಮದ ಸಿಂಹಾಸನವನ್ನೇರಿದನು. ಇಬ್ಬರಿಗೂ ಇರುವ ಅಂತರವು ಆಯುಧದ್ದಲ್ಲ. ತಪ್ಪು ತನ್ನದೆಂದು ಒಪ್ಪಿದ್ದರದ್ದು.

ಆದುದರಿಂದ ಹೆಗ್ಗಡದೇವನಕೋಟೆಯಿಂದ ಕೃಷ್ಣರಾಜನಗರದವರೆಗೆ ಪಂಚಾಯಿತಿಯ ಅಧ್ಯಕ್ಷರನ್ನೂ ಸಹಕಾರ ಸಂಘದ ಕಾರ್ಯದರ್ಶಿಗಳನ್ನೂ ಆರಿಸುವ ವಿದ್ಯಾವಂತರು ಕುರ್ಚಿಯನ್ನು ಬೈಯುವ ಅಭ್ಯಾಸವನ್ನು ಬಿಡಬೇಕು. ಮನೆಗಳ ಪಟ್ಟಿಯಲ್ಲಿ ಬಡವನೊಬ್ಬನ ಹೆಸರನ್ನು ಹೊಡೆದು ಸೋದರಳಿಯನ ಹೆಸರನ್ನು ಬರೆದ ದಿನವೇ ವೃಷಭಾಚಲದ ದಿನ. ಆ ದಿನ “ಇದೊಂದು ಚಿಕ್ಕ ವಿಷಯ” ಎಂದು ಸುಮ್ಮನಿದ್ದವರು, ಚಕ್ರವು ಕೈಬಿಟ್ಟ ದಿನ “ಕುರ್ಚಿ ಕೆಡಿಸಿತು” ಎಂದು ಮರುಗಿ ಫಲವಿಲ್ಲ.

ಶ್ರವಣಬೆಳಗೊಳಕ್ಕೆ ಹೋದವರು ವಿಂಧ್ಯಗಿರಿಯ ಗೊಮ್ಮಟನನ್ನು ನೋಡಿ ಧನ್ಯರಾಗುವರು. ಎದುರಿನ ಚಂದ್ರಗಿರಿಯಲ್ಲಿ, ಮೊಣಕಾಲಿನ ಕೆಳಭಾಗವಿಲ್ಲದ ವಿಗ್ರಹವೊಂದನ್ನು ಭರತನದೆಂದು ತೋರಿಸುವರು. ಅಧಿಕಾರವನ್ನು ಬಯಸುವ ಗೃಹಸ್ಥನು ಅದರ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು.